ಕಿಣ್ವ: ಒಡೆಯುವುದೊಂದೇ ಅದರ ಕೆಲಸವಲ್ಲ

ವಿಜಯಪುರದ ಔಷಧ ಅಂಗಡಿಯೊಂದರ ಗೋಡೆಯ ಮೇಲೆ ಮತ್ತೆ ಅದೇ ಸಾಲು: 'ಕಿಣ್ವ ಎಂದರೆ ಪ್ರೋಟೀನ್ ಕರಗಿಸುವ ಶಕ್ತಿ.' ಕಿಣ್ವ ಶಕ್ತಿಯಲ್ಲ, ವಸ್ತು. ಅದಿರಲಿ ಬಿಡಿ. ನನ್ನ ತಕರಾರು 'ಕರಗಿಸುವ' ಅನ್ನುವುದರ ಮೇಲೆ.

ಬಾಗಲಕೋಟೆ ಕಡೆಯ ತೋಟದಲ್ಲಿ ಹಸಿ ಪಪ್ಪಾಯಿ ಗೀರಿ ನೋಡಿ, ಬಿಳಿ ಹಾಲು ಒಸರುತ್ತದೆ. ಅದರಲ್ಲಿರುವುದು ಪಪೈನ್ ಎಂಬ ಕಿಣ್ವ. ಮಟನ್ ಮೆತ್ತಗಾಗಲೆಂದು ಪಪ್ಪಾಯಿ ಕಾಯಿ ಅರೆದು ಹಚ್ಚುವವರಿಗೆ ಅದರ ಒಂದು ಕೆಲಸ ಗೊತ್ತು: ಪ್ರೋಟೀನಿನ ಉದ್ದ ಸರಪಳಿ ತುಂಡು ಮಾಡುವುದು. ಆದರೆ ಇದೇ ಪಪೈನ್ ಆ ಸರಪಳಿಯ ಮಣಿಗಳಾದ ಅಮೈನೋ ಆಮ್ಲಗಳನ್ನು ಜೋಡಿಸಿ ಸಣ್ಣ ಸರಪಳಿಯನ್ನೂ, ಅಂದರೆ ಪೆಪ್ಟೈಡನ್ನೂ, ಕಟ್ಟುತ್ತದೆ.

ಅದು ಹೇಗೆ? ಕಿಣ್ವಕ್ಕೆ ಇದೇ ದಿಕ್ಕು ಬೇಕೆಂಬ ಹಟವಿಲ್ಲ. ಕ್ರಿಯೆಯ ವೇಗ ಹೆಚ್ಚಿಸುವುದಷ್ಟೇ ಅದರ ಪಾಲು. ಹೊಟ್ಟೆಯಲ್ಲಿ ಎಲ್ಲೆಲ್ಲೂ ನೀರು, ಹಾಗಾಗಿ ಒಡೆಯುವುದೇ ಜಾಸ್ತಿ. ಲ್ಯಾಬಿನಲ್ಲಿ ಅಮೈನೋ ಆಮ್ಲದ ಆಮ್ಲ ತುದಿಗೆ ಆಲ್ಕೋಹಾಲ್ ಜೋಡಿಸಿ, ಅಂದರೆ ಎಸ್ಟರ್ ಮಾಡಿ, ಕೊಡುತ್ತಾರೆ. ಪಪೈನ್ ಮೊದಲು ಅದನ್ನು ತನಗೇ ಅಂಟಿಸಿಕೊಳ್ಳುತ್ತದೆ. ಆಮೇಲೆ ಅದನ್ನು ಕಿತ್ತುಕೊಳ್ಳಲು ಪೈಪೋಟಿ. ಒಂದು ಕಡೆ ನೀರು, ಇನ್ನೊಂದು ಕಡೆ ಮತ್ತೊಂದು ಅಮೈನೋ ಆಮ್ಲದ ಅಮೈನ್ ತುದಿ, ಅಂದರೆ ಸಾರಜನಕವಿರುವ ತುದಿ. ನೀರು ಗೆದ್ದರೆ ಎಸ್ಟರ್ ಹಾಳು. ಅಮೈನ್ ಗೆದ್ದರೆ ಕೊಂಡಿ ಬಿತ್ತು. ಅದು ಗೆಲ್ಲಲೆಂದೇ ದ್ರಾವಣವನ್ನು ಸ್ವಲ್ಪ ಕ್ಷಾರೀಯವಾಗಿ ಇಡುತ್ತಾರೆ, ಸರಿಯಾದ ಹೊತ್ತಿಗೆ ನಿಲ್ಲಿಸುತ್ತಾರೆ. ತಡವಾದರೆ ಕಟ್ಟಿದ್ದನ್ನು ತಾನೇ ಕಡಿದು ಹಾಕುತ್ತದೆ. ಮಟನ್ ಚಟ ಅಷ್ಟು ಸುಲಭಕ್ಕೆ ಬಿಡುತ್ತದೆಯೇ!

ಇದು ನಿನ್ನೆ ಮೊನ್ನೆಯ ಸುದ್ದಿಯೂ ಅಲ್ಲ. ಹಂದಿಯ ಇನ್ಸುಲಿನ್‌ಗೂ ಮನುಷ್ಯರದಕ್ಕೂ 51 ಅಮೈನೋ ಆಮ್ಲಗಳಲ್ಲಿ ಒಂದೇ ವ್ಯತ್ಯಾಸ: ಬಿ ಸರಪಳಿಯ 30ನೆಯ ಜಾಗದಲ್ಲಿ ಹಂದಿಗೆ ಅಲನೀನ್, ನಮಗೆ ಥ್ರಿಯೋನೀನ್. 1980ರ ದಶಕದಲ್ಲಿ ಆ ಒಂದನ್ನು ಬದಲಿಸಿ ಔಷಧ ಮಾಡಿದ್ದು ಟ್ರಿಪ್ಸಿನ್‌ನಿಂದ. ಅದೂ ಜೀರ್ಣಕ್ಕೆ ಬೇಕಾದ 'ಕರಗಿಸುವ' ಕಿಣ್ವವೇ, ಅಲ್ವಾ?

ಥರ್ಮೋಲೈಸಿನ್ ಎಂಬ ಇನ್ನೊಂದು ಕಿಣ್ವ ಜೋಡಿಸಿದ ಕೆಲವು ಪುಟ್ಟ ಪೆಪ್ಟೈಡ್‌ಗಳು ತಾವಾಗಿಯೇ ಎಳೆ ಎಳೆಯಾಗಿ ಹೆಣೆದುಕೊಂಡು, ನೀರು ಹಿಡಿದ ಜೆಲ್ ಆಗುತ್ತವೆ. ಜೀವಕೋಶ ಬೆಳೆಸಲು ಇಂಥ ಜೆಲ್ ಉಪಯೋಗಕ್ಕೆ ಬರುತ್ತದೆ. ಕಿಣ್ವವಿಲ್ಲದ ರಾಸಾಯನಿಕ ದಾರಿಯಲ್ಲಿ ಅಮೈನೋ ಆಮ್ಲದ ಪಕ್ಕದ ಗುಂಪುಗಳು ಬೇಡದ ಕಡೆ ಅಂಟದಂತೆ ಅವಕ್ಕೂ ಮರೆ ಕಟ್ಟಿ, ಆಮೇಲೆ ಬಿಚ್ಚುವ ರಗಳೆ ಇದೆ. ಇಲ್ಲಿ ಅದು ಬಹುಪಾಲು ತಪ್ಪುತ್ತದೆ. ಕೊರತೆಯೂ ಉಂಟು. ಎಸ್ಟರ್‌ಗಳನ್ನು ಸುಮ್ನೆ ಬೆರೆಸಿಟ್ಟರೆ ಬೇರೆ ಬೇರೆ ಉದ್ದದ ಸರಪಳಿಗಳು ಸಿಗುತ್ತವೆ. ಉದ್ದವೂ ಸಾಲೂ ಇಂತಿಷ್ಟೇ ಎಂದು ಪಟ್ಟು ಹಿಡಿದರೆ, ಇಂದಿಗೂ ಮೊದಲು ನೆನಪಾಗುವುದು 1963ರಲ್ಲಿ ಅಮೆರಿಕದ ವಿಜ್ಞಾನಿ ಮೆರಿಫೀಲ್ಡ್ ತೋರಿಸಿದ, ಅಮೈನೋ ಆಮ್ಲಗಳನ್ನು ಒಂದೊಂದಾಗಿ ಪೋಣಿಸುವ ರಾಸಾಯನಿಕ ವಿಧಾನವೇ.