ಕೊಲೆಗಾರರು ಯಾರೆಂದು ಮೊದಲೇ ಹೇಳಿಬಿಟ್ಟ ಕಾದಂಬರಿ: ಡೊನಾ ಟಾರ್ಟ್ ಅವರ ರಚನಾಕ್ರಮದ ಕುರಿತು ಅಧ್ಯಯನ ಟಿಪ್ಪಣಿ

ಡೊನಾ ಟಾರ್ಟ್ ಅವರ ಮೊದಲ ಕಾದಂಬರಿ ‘ದ ಸೀಕ್ರೆಟ್ ಹಿಸ್ಟರಿ’ 1992ರ ಸೆಪ್ಟೆಂಬರಿನಲ್ಲಿ ಅಮೆರಿಕದಲ್ಲಿ ಪ್ರಕಟವಾಯಿತು. ವರ್ಮಾಂಟ್ ರಾಜ್ಯದ ಹ್ಯಾಂಪ್ಡನ್ ಎಂಬ ಕಾಲ್ಪನಿಕ ಕಾಲೇಜಿನಲ್ಲಿ ಗ್ರೀಕ್ ಕಲಿಯುವ ಕೆಲವೇ ವಿದ್ಯಾರ್ಥಿಗಳು ತಮ್ಮ ಗುಂಪಿನವನೇ ಆದ ಬನ್ನಿ ಎಂಬ ಗೆಳೆಯನನ್ನು ಕೊಲ್ಲುತ್ತಾರೆ. ಸತ್ತವನು ಯಾರು, ಕೊಂದವರು ಯಾರು ಎಂಬ ಎರಡೂ ಸಂಗತಿಗಳನ್ನು ಕಥೆ ಶುರುವಾಗುವ ಮುನ್ನವೇ ಬರುವ ಪುಟ್ಟ ಪೀಠಿಕೆಯಲ್ಲಿ ನಿರೂಪಕ ಒಪ್ಪಿಕೊಂಡುಬಿಡುತ್ತಾನೆ. ಪತ್ತೇದಾರಿ ಕಾದಂಬರಿ ಕಡೆಯ ಪುಟದವರೆಗೆ ಬಚ್ಚಿಟ್ಟುಕೊಳ್ಳುವ ಗುಟ್ಟನ್ನು ಹೀಗೆ ಆರಂಭದಲ್ಲೇ ಬಿಟ್ಟುಕೊಟ್ಟ ಲೇಖಕಿ, ಉಳಿದ ಐನೂರಕ್ಕೂ ಹೆಚ್ಚು ಪುಟಗಳನ್ನು ಯಾವ ಬಲದ ಮೇಲೆ ನಡೆಸಿದರು ಎಂಬುದೇ ಈ ಟಿಪ್ಪಣಿಯ ಪ್ರಶ್ನೆ. ಟಾರ್ಟ್ ತಮ್ಮ ಪಾತ್ರಗಳಿಗೆ ಓದಲು ಕೊಟ್ಟ ಗ್ರೀಕ್ ದುರಂತ ನಾಟಕವೇ ಕಾದಂಬರಿಯ ಕಟ್ಟಡಕ್ಕೂ ನಕ್ಷೆಯಾಗಿದೆ ಎಂಬುದು ನನ್ನ ಓದು. ಕಾದಂಬರಿ ರಚನೆಯನ್ನು ಅಭ್ಯಾಸ ಮಾಡುವವರು ಇದನ್ನು ಮುಖ್ಯವಾಗಿ ಗಮನಿಸಬೇಕು.

ಬರೆಯುವ ಮೊದಲಿನ ವರ್ಷಗಳು

ಲೇಖಕಿಯ ಬದುಕಿನ ವಿವರಗಳಲ್ಲಿ ನಮಗೆ ಬೇಕಾದವು ಕೆಲವೇ. 1963ರಲ್ಲಿ ಮಿಸಿಸಿಪ್ಪಿಯ ಗ್ರೀನ್‌ವುಡ್‌ನಲ್ಲಿ ಹುಟ್ಟಿ ಅದೇ ರಾಜ್ಯದ ಗ್ರೆನಾಡಾ ಎಂಬ ಸಣ್ಣ ಊರಿನಲ್ಲಿ ಬೆಳೆದ ಟಾರ್ಟ್, 1981ರಲ್ಲಿ ಮಿಸಿಸಿಪ್ಪಿ ವಿಶ್ವವಿದ್ಯಾಲಯ ಸೇರಿದರು. ಅವರ ಬರವಣಿಗೆ ಲೇಖಕ ವಿಲ್ಲಿ ಮಾರಿಸ್ ಅವರ ಕಣ್ಣಿಗೆ ಬಿದ್ದದ್ದರಿಂದ, ಮೊದಲ ವರ್ಷದಲ್ಲೇ ಕಥೆಗಾರ ಬ್ಯಾರಿ ಹ್ಯಾನಾ ನಡೆಸುತ್ತಿದ್ದ ಸ್ನಾತಕೋತ್ತರ ಕಥಾರಚನೆಯ ತರಗತಿಯಲ್ಲಿ ಕೂರುವ ಅವಕಾಶ ಸಿಕ್ಕಿತು. ಮರುವರ್ಷ ಅವರು ವರ್ಮಾಂಟಿನ ಬೆನಿಂಗ್ಟನ್ ಕಾಲೇಜಿಗೆ ವರ್ಗವಾದರು. ಅಲ್ಲಿ ಕ್ಲಾಡ್ ಫ್ರೆಡರಿಕ್ಸ್ ಅವರ ಬಳಿ ಪ್ರಾಚೀನ ಸಾಹಿತ್ಯ ಓದಿದರು. ಮುಂದೆ ಹೆಸರಾಂತ ಕಾದಂಬರಿಕಾರರಾದ ಬ್ರೆಟ್ ಈಸ್ಟನ್ ಎಲ್ಲಿಸ್ ಮತ್ತು ಜೊನಾಥನ್ ಲೆಥೆಮ್ ಅವರ ಸಹಪಾಠಿಗಳಾಗಿದ್ದರು. ಕಾದಂಬರಿಯ ಬರವಣಿಗೆ ಶುರುವಾದದ್ದು ಈ ವಿದ್ಯಾರ್ಥಿ ದಿನಗಳಲ್ಲೇ. 1986ರಲ್ಲಿ ಪದವಿ ಮುಗಿದ ಮೇಲೂ ಅದು ವರ್ಷಗಟ್ಟಲೆ ಮುಂದುವರಿದು, ಪುಸ್ತಕ ಹೊರಬಂದಾಗ ಅವರಿಗೆ 28 ವರ್ಷವಾಗಿತ್ತು. ‘ಭ್ರಮೆಗಳ ದೇವರು’ ಎಂಬರ್ಥದ ಹೆಸರೊಂದು ಹಸ್ತಪ್ರತಿಯ ಮೇಲೆ ಮೊದಲಿಗಿತ್ತು. ಆ ದೇವರು ಡಯೊನೈಸಸ್, ಗ್ರೀಕರ ಮದ್ಯ ಮತ್ತು ಉನ್ಮಾದದ ದೇವತೆ. ಕಾದಂಬರಿಯ ಎರಡನೆಯ ಭಾಗದ ಆರಂಭದಲ್ಲಿ ಅವನನ್ನು ಕುರಿತ ವಿದ್ವಾಂಸ ಇ. ಆರ್. ಡಾಡ್ಸ್ ಅವರ ಮಾತೊಂದು ಉದ್ಧರಣೆಯಾಗಿ ಉಳಿದುಕೊಂಡಿದೆ.

ಹಸ್ತಪ್ರತಿಯ ಮೊದಲ ಓದುಗರಲ್ಲಿ ಎಲ್ಲಿಸ್ ಒಬ್ಬರು. ಅವರು 1987ರಲ್ಲಿ ಪ್ರಕಟಿಸಿದ, ಅಂಥದ್ದೇ ಒಂದು ಕಾಲೇಜಿನಲ್ಲಿ ನಡೆಯುವ ‘ದ ರೂಲ್ಸ್ ಆಫ್ ಅಟ್ರ್ಯಾಕ್ಷನ್’ನಲ್ಲಿ, ಪ್ರಾಚೀನ ಸಾಹಿತ್ಯ ಓದುವ ವಿಚಿತ್ರ ಗುಂಪೊಂದು ಹಳ್ಳಿಗಾಡಿನಲ್ಲಿ ಅಲೆಯುತ್ತ ರೈತರನ್ನು ಬಲಿ ಕೊಡುತ್ತಿರಬೇಕು ಎಂಬ ಕುಚೋದ್ಯದ ಸಾಲು ಸುಳಿದು ಹೋಗುತ್ತದೆ. ಗೆಳತಿಯ ಕಾದಂಬರಿ ಬರಲು ಇನ್ನೂ ಐದು ವರ್ಷ ಬಾಕಿಯಿತ್ತು. ರೈತನ ಸಾವಿನ ಕಲ್ಪನೆ ಅಷ್ಟು ಹಿಂದಿನಿಂದಲೇ ಕಥೆಯ ಬೇರಿನಲ್ಲಿತ್ತು ಎಂಬುದಕ್ಕೆ ಈ ಸಾಲು ಸಾಕ್ಷಿ. ಎಲ್ಲಿಸ್ ಅವರೇ ಪರಿಚಯಿಸಿದ ಏಜೆಂಟ್ ಅಮಾಂಡಾ ಅರ್ಬನ್ ಮೂಲಕ ಕೃತಿ 4,50,000 ಡಾಲರ್ ಮುಂಗಡಕ್ಕೆ ಕ್ನಾಫ್ ಪ್ರಕಾಶನದ ಪಾಲಾಯಿತು. ಕೃತಿಯನ್ನು ಅರ್ಪಿಸಿರುವ ಇಬ್ಬರಲ್ಲಿಯೂ ಎಲ್ಲಿಸ್ ಒಬ್ಬರು.

ಹತ್ಯೆ ರಂಗದ ಹೊರಗೆ

ಪ್ರಾಚೀನ ಗ್ರೀಕ್ ನಾಟಕಕಾರ ಯೂರಿಪಿಡೀಸ್ ಸತ್ತ ಮೇಲೆ ರಂಗವೇರಿದ ‘ಬ್ಯಾಕೇ’ ನಾಟಕದಲ್ಲಿ, ಡಯೊನೈಸಸ್‌ನ ಆರಾಧನೆಯನ್ನು ತಡೆಯಹೊರಟ ಅರಸ ಪೆಂಥ್ಯೂಸ್‌ನನ್ನು ಉನ್ಮಾದದಲ್ಲಿದ್ದ ಹೆಂಗಸರು ಬೆಟ್ಟದ ಮೇಲೆ ಸಿಗಿದು ಹಾಕುತ್ತಾರೆ. ಅವರ ಮುಂದಾಳು ಅವನ ಹೆತ್ತ ತಾಯಿ ಅಗಾವೆ. ಈ ದೃಶ್ಯ ರಂಗದ ಮೇಲೆ ನಡೆಯುವುದಿಲ್ಲ. ಕಣ್ಣಾರೆ ಕಂಡ ದೂತನೊಬ್ಬ ಬಂದು ಅದನ್ನು ವರದಿ ಮಾಡುತ್ತಾನೆ. ಪಿ. ಲಂಕೇಶರು ಗ್ರೀಕ್ ನಾಟಕದಿಂದ ಕನ್ನಡಕ್ಕೆ ತಂದ ‘ದೊರೆ ಈಡಿಪಸ್’ ಓದಿದವರಿಗೆ ಈ ಪದ್ಧತಿ ಹೊಸದಲ್ಲ: ರಾಣಿ ಯೊಕಾಸ್ತಾಳ ಸಾವೂ ಈಡಿಪಸ್ ತನ್ನ ಕಣ್ಣು ಕಿತ್ತುಕೊಂಡದ್ದೂ ನಮಗೆ ತಲುಪುವುದು ಮಾತಿನ ಮೂಲಕವೇ. ಗ್ರೀಕ್ ಪ್ರೇಕ್ಷಕನಿಗೆ ಕಥೆಯ ಅಂತ್ಯ ಪುರಾಣದಿಂದಲೇ ತಿಳಿದಿರುತ್ತಿತ್ತು. ಅವನು ನೋಡಲು ಕೂರುತ್ತಿದ್ದದ್ದು, ಗೊತ್ತಿರುವ ಆ ಅಂತ್ಯದ ಕಡೆಗೆ ಮನುಷ್ಯರು ತಮ್ಮ ಕಾಲ ಮೇಲೆ ತಾವೇ ನಡೆದುಕೊಂಡು ಹೋಗುವ ಬಗೆಯನ್ನು.

ಟಾರ್ಟ್ ಇದನ್ನೇ ಕಾದಂಬರಿಗೆ ಅಳವಡಿಸಿದರು. ಕಥೆಯಲ್ಲಿ ಎರಡು ಹತ್ಯೆಗಳಿವೆ. ಮೊದಲನೆಯದು ವಿದ್ಯಾರ್ಥಿಗಳು ಡಯೊನೈಸಸ್‌ನ ಉನ್ಮಾದವನ್ನು ನಿಜವಾಗಿಯೂ ಅನುಭವಿಸಹೊರಟ ರಾತ್ರಿ ಅವರ ಕೈಯಲ್ಲಿ ಸತ್ತ ಒಬ್ಬ ರೈತನದು. ನಿರೂಪಕ ರಿಚರ್ಡ್ ಪೇಪನ್ ಅಲ್ಲಿರುವುದಿಲ್ಲ. ಬಹಳ ಕಾಲದ ನಂತರ ಗುಂಪಿನ ನಾಯಕ ಹೆನ್ರಿ ವಿಂಟರ್ ಅದನ್ನು ತಣ್ಣಗೆ, ಬಿಡಿಬಿಡಿಯಾಗಿ ಅವನಿಗೆ ಹೇಳುತ್ತಾನೆ. ಅದು ಥೇಟ್ ದೂತನ ಭಾಷಣ. ಒಂದು ವ್ಯತ್ಯಾಸವೆಂದರೆ ಇಲ್ಲಿ ದೂತನೇ ಅಪರಾಧಿ, ಹಾಗಾಗಿ ಅವನ ಮಾತನ್ನು ಎಷ್ಟು ನಂಬಬೇಕು ಎಂಬ ಅನುಮಾನ ಓದುಗನಲ್ಲಿ ಉಳಿಯುತ್ತದೆ.

ಎರಡನೆಯದು ರೈತನ ಸಂಗತಿಯನ್ನು ತಿಳಿದುಕೊಂಡ ಬನ್ನಿಯದು, ಮತ್ತು ಇಲ್ಲಿ ರಿಚರ್ಡ್ ಸ್ಥಳದಲ್ಲಿದ್ದಾನೆ. ಆದರೂ ಲೇಖಕಿ ಪರದೆ ಎಳೆಯುತ್ತಾರೆ. ಕಂದರದ ಅಂಚಿನಲ್ಲಿ ಕಾದು ನಿಂತವರನ್ನು ಕಂಡು ಬನ್ನಿ ಅಚ್ಚರಿಯಿಂದ, ಇಲ್ಲೇನು ಮಾಡುತ್ತಿದ್ದೀರಿ ಎಂದು ಕೇಳುತ್ತಾನೆ. ಹೊಸ ಜರೀಗಿಡಗಳನ್ನು ಹುಡುಕುತ್ತಿದ್ದೇವೆ ಎಂದು ಹೆನ್ರಿ ಉತ್ತರಿಸುತ್ತಾನೆ. ಮೊದಲನೆಯ ಭಾಗ ಅಲ್ಲಿಗೇ ಮುಗಿಯುತ್ತದೆ. ಬೀಳುವ ಕ್ಷಣ ಪೀಠಿಕೆಯ ಒಂದೆರಡು ಮಾತುಗಳಲ್ಲಿ ಮತ್ತು ಮುಂದೆ ರಿಚರ್ಡನ ನೆನಪಿನ ತುಣುಕುಗಳಲ್ಲಿ ಮಾತ್ರ ಇದೆ. ನೂರಾರು ಪುಟಗಳಿಂದ ಕಾಯುತ್ತಿದ್ದ ಓದುಗನಿಗೆ ಸಿಗುವುದು ಗಿಡಗಳ ಬಗೆಗಿನ ಒಂದು ನಯವಾದ ಸುಳ್ಳು. ರಕ್ತಪಾತವನ್ನು ವರ್ಣಿಸಿದ್ದರೆ ನಾವು ಬೆಚ್ಚಿ ಪಕ್ಕಕ್ಕೆ ಸರಿಯುತ್ತಿದ್ದೆವೇನೋ. ಆ ಸಭ್ಯ ಉತ್ತರ ನಮ್ಮನ್ನು ಕಾದು ನಿಂತವರ ಸಾಲಿನಲ್ಲಿಯೇ ನಿಲ್ಲಿಸುತ್ತದೆ.

ಕಾಲೇಜಿನ ಚಳಿಗಾಲ ಮತ್ತು ಅಕಾಲದ ಹಿಮ

ಕ್ಯಾಂಪಸ್ಸನ್ನು ಬರೀ ಹಿನ್ನೆಲೆಯ ಚಿತ್ರವಾಗಿ ಬಳಸುವ ಕಾದಂಬರಿಗಳು ಬೇಕಾದಷ್ಟಿವೆ. ಟಾರ್ಟ್ ಅದರ ವೇಳಾಪಟ್ಟಿಯನ್ನೇ ಕಥೆಗೆ ದುಡಿಸಿಕೊಳ್ಳುತ್ತಾರೆ. ಬೆನಿಂಗ್ಟನ್ನಿನಲ್ಲಿ ಚಳಿಗಾಲದ ಕೆಲವು ವಾರ ವಿದ್ಯಾರ್ಥಿಗಳು ಕ್ಯಾಂಪಸ್ ಬಿಟ್ಟು ಹೊರಗೆ ಕೆಲಸಕ್ಕೆ ಹೋಗುವ ಪದ್ಧತಿಯಿದೆ. ಕಾದಂಬರಿಯ ಹ್ಯಾಂಪ್ಡನ್ ಕಾಲೇಜೂ ಚಳಿಗಾಲದಲ್ಲಿ ಬಾಗಿಲು ಹಾಕುತ್ತದೆ. ಸ್ಥಿತಿವಂತ ಗೆಳೆಯರು ತಮ್ಮ ತಮ್ಮ ದಾರಿ ಹಿಡಿದರೆ, ಕ್ಯಾಲಿಫೋರ್ನಿಯಾದ ಪ್ಲೇನೋ ಎಂಬ ಊರಿನ ಪೆಟ್ರೋಲ್ ಬಂಕ್ ಮಾಲೀಕನ ಮಗನಾದ ರಿಚರ್ಡ್ ಮನೆಗೆ ಹೋಗಲು ಮನಸ್ಸಿಲ್ಲದೆ, ತನ್ನ ಬಡತನವನ್ನು ಯಾರಿಗೂ ಹೇಳಲಾರದೆ, ಕಾಯಿಸುವ ವ್ಯವಸ್ಥೆಯೇ ಇಲ್ಲದ ಒಂದು ಗೋದಾಮಿನಲ್ಲಿ ಉಳಿಯುತ್ತಾನೆ. ಅದರ ಛಾವಣಿಯಲ್ಲಿ ತೂತಿದೆ. ಅಲ್ಲಿಂದ ಹಿಮ ಒಳಗೆ ಸುರಿಯುತ್ತದೆ. ಅವನು ನ್ಯುಮೋನಿಯಾದಿಂದ ಸಾಯುವ ಸ್ಥಿತಿ ತಲುಪಿದಾಗ ಹೆನ್ರಿ ಅನಿರೀಕ್ಷಿತವಾಗಿ ಬಂದು ಆಸ್ಪತ್ರೆಗೆ ಸೇರಿಸುತ್ತಾನೆ.

ಮೊದಲ ಓದಿನಲ್ಲಿ ಈ ಅಧ್ಯಾಯ ಕಥೆಯ ದಾರಿ ತಪ್ಪಿದಂತೆ ಕಾಣಬಹುದು. ಆದರೆ ಕೊಲೆಗೆ ಕೈಜೋಡಿಸಲು ರಿಚರ್ಡನಿಗೆ ಸ್ವಂತ ಕಾರಣವೇ ಇಲ್ಲ ಎಂಬುದನ್ನು ಗಮನಿಸಿ: ರೈತನ ಸಾವಿನಲ್ಲಿ ಅವನ ಪಾತ್ರವಿಲ್ಲ, ಬನ್ನಿ ಬಾಯಿಬಿಟ್ಟರೆ ಅವನು ಕಳೆದುಕೊಳ್ಳುವುದು ಹೆಚ್ಚೇನಿಲ್ಲ. ಅವನನ್ನು ಆ ಕಂದರದ ಅಂಚಿಗೆ ತಂದು ನಿಲ್ಲಿಸಲು ಲೇಖಕಿಗೆ ಒಂದು ಋಣ ಬೇಕಿತ್ತು. ಆ ಋಣವನ್ನು ಅವರು ಛಾವಣಿಯ ತೂತಿನ ಮೂಲಕ ಸಂಪಾದಿಸಿದರು.

ಹಿಮದ ಎರಡನೆಯ ಕೆಲಸ ಇನ್ನೂ ಜಾಣತನದ್ದು. ಚಾರಣಕ್ಕೆ ಹೋದವನು ಕಾಲು ಜಾರಿ ಬಿದ್ದಂತೆ ಕಾಣಬೇಕು, ಶವ ಬೇಗ ಸಿಗಬೇಕು ಎಂಬುದು ಹೆನ್ರಿಯ ಲೆಕ್ಕಾಚಾರ. ಆದರೆ ಏಪ್ರಿಲ್ ತಿಂಗಳಲ್ಲಿ ಅಕಾಲಿಕವಾಗಿ ಹಿಮ ಬಿದ್ದು ಶವ ಮುಚ್ಚಿಹೋಗುತ್ತದೆ. ಬೇಗ ಮುಗಿಯಬೇಕಿದ್ದ ಸಂಗತಿ ಸ್ವಯಂಸೇವಕರು, ಟಿವಿ ಕ್ಯಾಮೆರಾಗಳು, ಎಫ್‌ಬಿಐ ಅಧಿಕಾರಿಗಳು ಕೂಡಿದ ದೊಡ್ಡ ಶೋಧವಾಗಿ ಬೆಳೆಯುತ್ತದೆ. ಅಪರಾಧಿಗಳೂ ಮುಖ ಗಂಟಿಕ್ಕಿಕೊಂಡು ಹುಡುಕುವವರ ಜೊತೆ ಹೆಜ್ಜೆ ಹಾಕಬೇಕಾಗುತ್ತದೆ. ಎರಡನೆಯ ಭಾಗದ ಉಸಿರುಗಟ್ಟಿಸುವ ವಾತಾವರಣಕ್ಕೆ ಯಾವ ಚತುರ ಪತ್ತೇದಾರನೂ ಬೇಕಾಗಿಲ್ಲ, ಹವಾಮಾನವೇ ಆ ಕೆಲಸ ಮಾಡುತ್ತದೆ.

ಸಾಯಬೇಕಾದವನನ್ನು ಸಹಿಸಲಾಗದವನಾಗಿಸುವುದು

ಬನ್ನಿ ಕೆಟ್ಟವನಾಗಿದ್ದರೆ ಕಥೆ ಸಪ್ಪೆಯಾಗುತ್ತಿತ್ತು, ಮುಗ್ಧನಾಗಿದ್ದರೆ ಕೊಲೆಗಾರರ ಜೊತೆ ನಾವು ಒಂದು ಪುಟವೂ ನಡೆಯುತ್ತಿರಲಿಲ್ಲ. ಟಾರ್ಟ್ ಅವನನ್ನು ಪರಿಚಯಿಸುವುದು ಒಂದು ಊಟದ ಮೂಲಕ. ಆಗಷ್ಟೇ ಪರಿಚಯವಾದ ರಿಚರ್ಡನನ್ನು ಅವನು ದುಬಾರಿ ಹೋಟೆಲಿಗೆ ಕರೆದೊಯ್ದು ಧಾರಾಳವಾಗಿ ತರಿಸಿ, ಕುಡಿದು, ಹರಟಿ, ಬಿಲ್ ಬಂದಾಗ ಜೇಬಿನಲ್ಲಿ ಕಾಸಿಲ್ಲ ಎಂದು ಹೆನ್ರಿಗೆ ಫೋನ್ ಮಾಡುತ್ತಾನೆ. ಹೆನ್ರಿ ಬಂದು ಹಣ ಕಟ್ಟುತ್ತಾನೆ. ಓದುವಾಗ ಇದು ನಗೆಯ ಪ್ರಸಂಗ. ಆದರೆ ಮುಂದಿನ ಇಡೀ ಸಂಬಂಧದ ಲೆಕ್ಕ ಇಲ್ಲಿ ಆಗಲೇ ಬಿದ್ದಿದೆ: ಬನ್ನಿ ಖರ್ಚು ಮಾಡುತ್ತಾನೆ, ಹೆನ್ರಿ ತೀರಿಸುತ್ತಾನೆ. ರೋಮ್ ಪ್ರವಾಸದಲ್ಲಿ ಹೆನ್ರಿ ತಲೆನೋವಿನಿಂದ ಮಲಗಿದ್ದಾಗ ಅವನ ದಿನಚರಿ ಓದಿ ರೈತನ ಸಂಗತಿ ತಿಳಿದುಕೊಂಡ ಮೇಲೆ ಆ ಬಿಲ್ಲು ಬೆಳೆಯುತ್ತಲೇ ಹೋಗುತ್ತದೆ. ಪ್ರತಿಯೊಬ್ಬ ಗೆಳೆಯನ ಮರ್ಮಸ್ಥಾನವನ್ನು ಹುಡುಕಿ ಚುಚ್ಚುವ ಅವನ ವರ್ತನೆಯನ್ನು ಲೇಖಕಿ ಅವಸರವಿಲ್ಲದೆ, ಪ್ರಸಂಗದ ಮೇಲೆ ಪ್ರಸಂಗ ಕಟ್ಟಿ ಬರೆಯುತ್ತಾರೆ. ಇವನು ಒಮ್ಮೆ ತೊಲಗಿದರೆ ಸಾಕು ಎಂದು ನಮಗೂ ಅನ್ನಿಸುವ ಹೊತ್ತಿಗೆ ಕಥೆ ನಮ್ಮನ್ನು ಆ ಕಂದರದ ಹತ್ತಿರ ತಂದಿರುತ್ತದೆ. ಅವನು ಸತ್ತ ನಂತರ ಅವನ ಒಳ್ಳೆಯತನದ ನೆನಪುಗಳು ಒಂದೊಂದಾಗಿ ಬರತೊಡಗುತ್ತವೆ. ಈ ಕ್ರಮ ಆಕಸ್ಮಿಕವಲ್ಲ.

ಗುರು ಮತ್ತು ಹೋಟೆಲಿನ ಕಾಗದ

ಮೊದಲ ಅಧ್ಯಾಯಗಳಲ್ಲೇ ಅಧ್ಯಾಪಕ ಜೂಲಿಯನ್ ಮಾರೊ ತರಗತಿಯಲ್ಲಿ ಸೌಂದರ್ಯ ಮತ್ತು ಭೀತಿಯ ನಂಟಿನ ಬಗ್ಗೆ, ‘ನಾನು’ ಎಂಬುದನ್ನು ಕಳೆದುಕೊಳ್ಳುವ ಸುಖದ ಬಗ್ಗೆ ಮಾತನಾಡುತ್ತಾನೆ. ಆ ಮಾತನ್ನು ವಿದ್ಯಾರ್ಥಿಗಳು ಅಕ್ಷರಶಃ ಆಚರಿಸಿದ್ದರಿಂದಲೇ ರೈತ ಸಾಯುತ್ತಾನೆ. ಜೂಲಿಯನ್ ಪಾತ್ರಕ್ಕೆ ಬೆನಿಂಗ್ಟನ್ನಿನ ಯಾವ ಅಧ್ಯಾಪಕರು ಮಾದರಿ ಎಂಬ ಚರ್ಚೆ ಸಾಕಷ್ಟು ನಡೆದಿದೆ, ಕಲಿಯುವವರಿಗೆ ಅದರಿಂದ ಲಾಭ ಕಡಿಮೆ. ಲೇಖಕಿ ಆ ಪಾತ್ರವನ್ನು ಕಥೆಯಿಂದ ಹೊರಗೆ ಕಳಿಸುವ ರೀತಿಯನ್ನು ನೋಡುವುದು ಮೇಲು. ಬನ್ನಿ ಸಾಯುವ ಮುನ್ನ ಟೈಪ್ ಮಾಡಿದ್ದ ಪತ್ರವೊಂದು ತಡವಾಗಿ ಜೂಲಿಯನ್ ಕೈ ಸೇರುತ್ತದೆ. ಯಾರದೋ ಕುಚೇಷ್ಟೆ ಎಂದು ಅವನು ಅದನ್ನು ತಳ್ಳಿಹಾಕುತ್ತಿರುವಾಗಲೇ, ಅದರ ಒಂದು ಹಾಳೆಯ ಮೇಲೆ ರೋಮಿನ ಹೋಟೆಲಿನ ಮುದ್ರೆ ಕಾಣಿಸಿ, ಪತ್ರ ಬನ್ನಿಯದೇ ಎಂಬುದು ಖಚಿತವಾಗುತ್ತದೆ. ಭೀತಿಯನ್ನು ಕೊಂಡಾಡಿದ ಗುರು ನಿಜವಾದ ಭೀತಿ ಎದುರಾದಾಗ ಪೊಲೀಸರ ಬಳಿಗೂ ಹೋಗುವುದಿಲ್ಲ, ಶಿಷ್ಯರ ಪರವಾಗಿಯೂ ನಿಲ್ಲುವುದಿಲ್ಲ. ಊರು ಬಿಟ್ಟು ಹೊರಟುಹೋಗುತ್ತಾನೆ. ಇಷ್ಟು ದೊಡ್ಡ ತಿರುವಿಗೆ ಲೇಖಕಿ ಬಳಸಿದ್ದು ಅಚ್ಚಾದ ಒಂದು ಹೋಟೆಲಿನ ಹೆಸರನ್ನು ಮಾತ್ರ.

ನಿರೂಪಕನ ಆಯ್ಕೆಗೆ ತೆತ್ತ ಬೆಲೆ

ಸುಂದರವಾಗಿ ಕಾಣುವುದೆಲ್ಲದರ ಹಿಂದೆ ಏನೇ ಆದರೂ ಹೋಗಿಬಿಡುವ ಹಂಬಲ ತನ್ನ ಸ್ವಭಾವದ ಮಾರಕ ದೋಷ ಎಂದು ರಿಚರ್ಡ್ ಆರಂಭದಲ್ಲೇ ಹೇಳಿಕೊಳ್ಳುತ್ತಾನೆ. ದುರಂತ ನಾಯಕ ತನ್ನದೇ ತಪ್ಪಿನಿಂದ ಬೀಳುತ್ತಾನೆ ಎಂದ ಗ್ರೀಕ್ ಚಿಂತಕ ಅರಿಸ್ಟಾಟಲ್‌ನನ್ನು ಓದಿದವರಿಗೆ ಇದರ ಮೂಲ ತಿಳಿದೀತು. ಹೊರಗಿನಿಂದ ಬಂದ, ತನ್ನ ಊರು ಮನೆಗಳ ಬಗ್ಗೆ ಸುಳ್ಳು ಹೇಳುವ, ಗೆಳೆಯರ ಉಡುಪು ಮಾತು ಮನೆಗಳಿಗೆ ಮರುಳಾದ ಇಂಥವನು ಕಥೆ ಹೇಳುವುದರಿಂದಲೇ ಕಾದಂಬರಿಯ ಮೋಹಕತೆ ಸಾಧ್ಯವಾಗಿದೆ. ಇತ್ತೀಚಿನ ವರ್ಷಗಳಲ್ಲಿ ಜಾಲತಾಣಗಳಲ್ಲಿ ‘ಡಾರ್ಕ್ ಅಕಾಡೆಮಿಯಾ’ ಎಂಬ ಹೆಸರಿನಲ್ಲಿ ಟ್ವೀಡ್ ಕೋಟು, ಹಳೆಯ ಪುಸ್ತಕ, ಮೊಂಬತ್ತಿಗಳ ಚಿತ್ರ ಹಂಚಿಕೊಂಡ ಯುವ ಓದುಗರು ರಿಚರ್ಡ್ ಬಿದ್ದ ಹಳ್ಳಕ್ಕೇ ಬಿದ್ದಿದ್ದಾರೆ ಎನ್ನಬೇಕು.

ಈ ಆಯ್ಕೆಯಿಂದ ಹೆಚ್ಚು ನಷ್ಟವಾದದ್ದು ಗುಂಪಿನ ಒಬ್ಬಳೇ ಹುಡುಗಿ ಕ್ಯಾಮಿಲಾಳಿಗೆ. ಸರೋವರದಲ್ಲಿ ಗಾಜಿನ ಚೂರು ಅವಳ ಕಾಲಿಗೆ ನೆಟ್ಟು ರಕ್ತ ಸುರಿಯುವ ಪ್ರಸಂಗದಲ್ಲಿ, ಚೂರು ಕೀಳುವ ಹೆನ್ರಿಯ ನಿರ್ವಿಕಾರ ಮುಖವೂ ನೋಡುತ್ತ ನಿಂತ ರಿಚರ್ಡನ ತಳಮಳವೂ ನಮಗೆ ಸ್ಪಷ್ಟವಾಗಿ ಸಿಗುತ್ತವೆ. ಅವಳು ಅಲ್ಲಿ ಏನು ಯೋಚಿಸುತ್ತಿದ್ದಳು ಎಂಬುದು ಸಿಗುವುದಿಲ್ಲ, ಕಾದಂಬರಿಯ ಉಳಿದ ಭಾಗದಲ್ಲೂ ಅಪರೂಪಕ್ಕೆ ಸಿಗುತ್ತದೆ. ರಿಚರ್ಡನ ಕುರುಡನ್ನು ತೋರಿಸಲೆಂದೇ ಹೀಗೆ ಬರೆಯಲಾಗಿದೆ ಎಂಬ ಸಮರ್ಥನೆಯಿದೆ. ನನಗೆ ಅದು ಅರ್ಧ ಮಾತ್ರ ಒಪ್ಪಿಗೆ: ಇದೇ ಕುರುಡು ಕಣ್ಣು ಬನ್ನಿಯ ಜಿಪುಣತನದ ಒಂದೊಂದು ಗೆರೆಯನ್ನೂ ಬಿಡದೆ ಕಂಡಿದೆ, ಹೆನ್ರಿಯ ತಲೆನೋವಿನ ಚಹರೆಯನ್ನೂ ಕಂಡಿದೆ. ಕ್ಯಾಮಿಲಾಳ ವಿಷಯದಲ್ಲಿ ಮಾತ್ರ ಅದು ಮಂಜಾದದ್ದು ನಿರೂಪಕನ ದೋಷವೋ ಲೇಖಕಿಯದೋ ಎಂಬುದನ್ನು ಪಠ್ಯದ ಸಾಲುಗಳನ್ನಿಟ್ಟುಕೊಂಡೇ ವಾದಿಸಬೇಕು.