‘ತಲಾ’ ಅಂದರೆ ಯಾರ ತಲೆ?

“ಜಿಲ್ಲೆಗಳಿಗೆ ತಲಾ 10 ಕೋಟಿ ಆರೋಗ್ಯ ಅನುದಾನ, ಎಲ್ಲರಿಗೂ ಸಮಪಾಲು.” ಈ ಧಾಟಿಯ ಸಾಲು ಬಜೆಟ್ ಬಂದಾಗಲೆಲ್ಲ ಕಣ್ಣಿಗೆ ಬೀಳುತ್ತದೆ. ಇದರಲ್ಲಿ ‘ತಲಾ’ ಸರಿ, ‘ಎಲ್ಲರಿಗೂ ಸಮಪಾಲು’ ತಪ್ಪು. ಇದನ್ನೇ ‘ತಲಾವಾರು ಹಂಚಿಕೆ’, ಅಂದರೆ ಜನರ ತಲೆ ಎಣಿಸಿ ಮಾಡಿದ ಹಂಚಿಕೆ, ಎಂದು ಬರೆದರಂತೂ ಅರ್ಥವೇ ತಲೆಕೆಳಗು.

‘ತಲಾ’ ಹುಟ್ಟಿದ್ದು ತಲೆಯಿಂದ. ತೆಲುಗಿನಲ್ಲೂ ‘ತಲ’ ಅಂದರೆ ತಲೆ, ‘ತಲಾ ರೆಂಡು’ ಅಂದರೆ ಒಬ್ಬೊಬ್ಬರಿಗೆ ಎರಡು. ಊಟದ ಪಂಕ್ತಿಯಲ್ಲಿ ‘ತಲೆಗೆ ಎರಡು ಹೋಳಿಗೆ’ ಅನ್ನುವುದು, ಹಿಂದಿನ ತಲೆಗಂದಾಯ, ಈಗಿನ ತಲಾದಾಯ, ಎಲ್ಲದರ ಬೇರು ಒಂದೇ. ಎಲ್ಲದರಲ್ಲೂ ಎಣಿಸುವುದು ಮನುಷ್ಯರನ್ನು. ಬಳಸುತ್ತ ಬಳಸುತ್ತ ‘ಎರಡು ಮೂಟೆ, ತಲಾ 50 ಕಿಲೋ’ ಎಂದು ಮೂಟೆಗೂ ತಲೆ ಬಂತು, ಅದನ್ನು ತಪ್ಪೆನ್ನಬೇಕಿಲ್ಲ. (‘ಪ್ರತಿಯೊಬ್ಬರಿಗೂ ತಲಾ’ ಎಂದು ಒಂದೇ ಮಾತನ್ನು ಎರಡು ಸಲ ಹೇಳುವುದನ್ನು ಮಾತ್ರ ದಯವಿಟ್ಟು ಬಿಡಿ.) ತೊಂದರೆ ಶುರುವಾಗುವುದು ಜಿಲ್ಲೆಗೋ ಕಟ್ಟಡಕ್ಕೋ ಕೊಟ್ಟ ‘ತಲಾ’ವನ್ನು ಜನರಿಗೆ ಕೊಟ್ಟದ್ದೆಂದು ಓದಿದಾಗ.

2011ರ ಜನಗಣತಿಯಂತೆ ಕೊಡಗಿನಲ್ಲಿ 5.54 ಲಕ್ಷ ಜನ, ಬೆಳಗಾವಿ ಜಿಲ್ಲೆಯಲ್ಲಿ 47.79 ಲಕ್ಷ. ಎರಡಕ್ಕೂ ತಲಾ 10 ಕೋಟಿ ಕೊಟ್ಟರೆ ಕೊಡಗಿನವರ ತಲೆಗೆ ಸುಮಾರು 180 ರೂಪಾಯಿ, ಬೆಳಗಾವಿಯವರ ತಲೆಗೆ 21.

ಆಸ್ಪತ್ರೆಗಳ ಲೆಕ್ಕದಲ್ಲೂ ಇದೇ ಕಥೆ. ರಾಷ್ಟ್ರೀಯ ಗ್ರಾಮೀಣ ಆರೋಗ್ಯ ಅಭಿಯಾನದಲ್ಲಿ ಒಂದು ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ವರ್ಷಕ್ಕೆ ಗೊತ್ತುಮಾಡಿದ್ದು ಅನ್‌ಟೈಡ್ ಫಂಡ್ (ಇಂಥದ್ದಕ್ಕೇ ಎಂದು ಕಟ್ಟಿಹಾಕದ ಹಣ) 25,000, ನಿರ್ವಹಣೆಗೆ 50,000, ಕೇಂದ್ರದ ಉಸ್ತುವಾರಿ ನೋಡುವ ಆರೋಗ್ಯ ರಕ್ಷಾ ಸಮಿತಿಗೆ 1 ಲಕ್ಷ, ಒಟ್ಟು 1.75 ಲಕ್ಷ. (ಸಂಬಳ, ಔಷಧಿ ಬೇರೆ.) ಬಯಲುಸೀಮೆಯಲ್ಲಿ ಕೇಂದ್ರವೊಂದಕ್ಕೆ 30,000 ಜನ ಎಂಬುದು ಮಾನದಂಡ, ಆಗ ತಲೆಗೆ 5.83 ರೂಪಾಯಿ. ಗುಡ್ಡಗಾಡಿಗೆ, ಬುಡಕಟ್ಟು ಪ್ರದೇಶಕ್ಕೆ 20,000, ಆಗ 8.75. ದಾರಿ ದೂರ, ಮನೆಗಳು ಚದುರಿವೆ, ಹಾಗಾಗಿ ಈ ವ್ಯತ್ಯಾಸ ನ್ಯಾಯವೇ. ಆದರೆ ಹೊಸ ಕೇಂದ್ರ ಮಂಜೂರಾಗದೆ ಒಂದೇ ಕೇಂದ್ರ 50,000 ಜನರನ್ನು ನೋಡುತ್ತಿದ್ದರೆ ಅಲ್ಲಿ ತಲೆಗೆ ಉಳಿಯುವುದು 3.50. ಇದಕ್ಕೆ ಯಾವ ಸಮರ್ಥನೆಯೂ ಇಲ್ಲ.

ಹಾಗಾದರೆ ತಲೆ ಎಣಿಸಿ ಹಂಚಿದರೆ ಮುಗಿಯಿತೇ? ಇಲ್ಲ. ಹಸುಗೂಸಿಗೂ ಮುದುಕರಿಗೂ ಇಪ್ಪತ್ತೈದರ ಯುವಕನಿಗಿಂತ ಹೆಚ್ಚು ಆರೈಕೆ ಬೇಕು. ಅದಕ್ಕೇ ತಲೆಗೆ ‘ತೂಕ’ ಕೊಡುವುದು. ಇಂಗ್ಲೆಂಡಿನಲ್ಲಿ 1976ರ ಸಮಿತಿ ವರದಿಯೊಂದು ಜನಸಂಖ್ಯೆಯನ್ನು ವಯಸ್ಸು, ಲಿಂಗಗಳಿಗೆ ಹೊಂದಿಸಿ, ಮರಣ ಪ್ರಮಾಣವನ್ನೂ ಸೇರಿಸಿ ಪ್ರದೇಶವಾರು ಪಾಲು ನಿಗದಿ ಮಾಡಲು ಹೇಳಿತು. ಲೆಕ್ಕ ಕಷ್ಟದ್ದಲ್ಲ. 3.3 ಕೋಟಿ ಇದೆ ಅನ್ನಿ. ಒಂದು ತಾಲ್ಲೂಕಿನಲ್ಲಿ 2 ಲಕ್ಷ ಜನ, ತೂಕ 1. ಇನ್ನೊಂದರಲ್ಲಿ 1 ಲಕ್ಷ ಜನ, ಕಾಯಿಲೆ ಹೆಚ್ಚು, ತೂಕ 1.3, ಅಂದರೆ ಅಲ್ಲಿನ ಒಂದು ತಲೆಯನ್ನು 1.3 ಎಂದು ಎಣಿಸುವುದು. ತಾಲ್ಲೂಕಿಗೆ ತಲಾ ಅಂದರೆ 1.65 ಕೋಟಿ. ಬರೀ ತಲೆ ಎಣಿಸಿದರೆ 2.2 ಮತ್ತು 1.1. ತೂಕದ ತಲೆಗಳು 3.3 ಲಕ್ಷ, ಹಾಗೆ ಹಂಚಿದರೆ 2 ಮತ್ತು 1.3. ನ್ಯಾಯದ ಹಂಚಿಕೆ ಅನ್ನಬೇಕಾದ್ದು ಈ ಕೊನೆಯದನ್ನು.

ಲೆಕ್ಕ ತಾಲ್ಲೂಕಿನದೇ ಆಗಬೇಕು, ಜಿಲ್ಲೆಯ ಸರಾಸರಿಯಲ್ಲಿ ಬಡ ತಾಲ್ಲೂಕು ಅಡಗಿಬಿಡುತ್ತದೆ. 2002ರಲ್ಲಿ ಕರ್ನಾಟಕದ ಪ್ರಾದೇಶಿಕ ಅಸಮತೋಲನವನ್ನು ಅಧ್ಯಯನ ಮಾಡಿದ ನಂಜುಂಡಪ್ಪ ಸಮಿತಿ ಅಂದಿನ 175ರಲ್ಲಿ 114 ತಾಲ್ಲೂಕುಗಳನ್ನು ಹಿಂದುಳಿದವೆಂದು ಗುರುತಿಸಿದ್ದೂ ತಾಲ್ಲೂಕನ್ನೇ ಅಳತೆಯಾಗಿಟ್ಟು.

ತೂಕವನ್ನು ಎಲ್ಲಿಂದ ತರುತ್ತೀರಿ ಅನ್ನುವಲ್ಲಿ ದೊಡ್ಡ ಎಡವಟ್ಟು ಆಗುತ್ತದೆ. ಹೊರರೋಗಿಗಳ ರಿಜಿಸ್ಟರಿನಿಂದ ತಂದರೆ, ಡಾಕ್ಟರೇ ಇಲ್ಲದ ಕೇಂದ್ರಕ್ಕೆ ಯಾರೂ ಹೋಗುವುದಿಲ್ಲ, ರಿಜಿಸ್ಟರ್ ಖಾಲಿ, ‘ಅಲ್ಲಿ ಬೇಡಿಕೆ ಇಲ್ಲ’ ಎಂದು ಪಾಲು ಕಡಿತ. ಹೋದ ವರ್ಷದ ಖರ್ಚಿನ ಮೇಲೆ ಇಂತಿಷ್ಟು ಸೇರಿಸುವ ಪದ್ಧತಿಯಲ್ಲೂ ಇದೇ ಪಾಡು: ನರ್ಸ್ ಹುದ್ದೆ ಖಾಲಿ, ಸಂಬಳದ ಹಣ ಮಾರ್ಚ್ ಕೊನೆಗೆ ವಾಪಸ್, ಮುಂದಿನ ವರ್ಷದ ಲೆಕ್ಕ ಶುರುವಾಗುವುದು ಆ ಕಡಿಮೆ ಮೊತ್ತದಿಂದಲೇ.