ಐಥ್ರಾ: ಥೀಸಿಯಸ್‌ನ ತಾಯಿ, ಹೆಲೆನ್‌ಳ ದಾಸಿ

ಗ್ರೀಕ್ ಪುರಾಣದಲ್ಲಿ ಐಥ್ರಾ ಎಂದರೆ ಅಥೆನ್ಸ್‌ನ ವೀರ ಥೀಸಿಯಸ್‌ನ ತಾಯಿ ಎಂದು ಬರೆದುಕೊಂಡು ನಾವು ಮುಂದೆ ಹೋಗಿಬಿಡುತ್ತೇವೆ. ಅವಳ ಕತೆ ಒಂದೇ ಕಡೆ ಸಿಗದಿರುವುದೂ ಇದಕ್ಕೆ ಕಾರಣ. ಹೋಮರ್, ಯೂರಿಪಿಡೀಸ್, ಪ್ಲುಟಾರ್ಕ್, ಪೌಸಾನಿಯಸ್ ಎಂಬ ಪ್ರಾಚೀನ ಗ್ರೀಕ್ ಲೇಖಕರಲ್ಲಿ ಚೂರುಚೂರಾಗಿ ಹರಡಿದೆ. ಜೋಡಿಸಲು ಕೂರುವ ಮೊದಲು ವಂಶಾವಳಿ ಬರೆದಿಟ್ಟುಕೊಳ್ಳಿ, ಕೊನೆಯಲ್ಲಿ ಅದೇ ಬೇಕಾಗುತ್ತದೆ.

ಪೆಲಾಪ್ಸ್ ಮತ್ತು ಹಿಪ್ಪೊಡಮಿಯಾರ ಗಂಡುಮಕ್ಕಳಲ್ಲಿ ಇಲ್ಲಿ ಇಬ್ಬರು ಸಾಕು. ಒಬ್ಬ ಆಟ್ರಿಯಸ್, ಅವನ ಮಕ್ಕಳು ಅಗಮೆಮ್ನಾನ್, ಮೆನೆಲಾಸ್. ಇನ್ನೊಬ್ಬ ಪಿಟ್ಥಿಯಸ್, ಟ್ರೊಯ್ಜೆನ್‌ನ ರಾಜ. ಅವನ ಮಗಳು ಐಥ್ರಾ. ಅಂದರೆ ಇವರೆಲ್ಲ ಅಣ್ಣತಮ್ಮಂದಿರ ಮಕ್ಕಳು. (ಟ್ರೊಯ್ಜೆನ್ ಇರುವುದು ಗ್ರೀಸಿನಲ್ಲೇ, ಪೆಲೊಪೊನೀಸ್‌ನ ಪೂರ್ವ ಕರಾವಳಿಯ ಬಳಿ. ಟ್ರಾಯ್ ಜತೆ ಗೊಂದಲ ಬೇಡ.)

ಐಥ್ರಾಳನ್ನು ಮೊದಲು ಕೇಳಿಕೊಂಡು ಬಂದವನು ಬೆಲ್ಲೆರೊಫಾನ್ ಎಂಬ ವೀರ. ಮದುವೆಗೆ ಮುಂಚೆಯೇ ಅವನನ್ನು ಕೊರಿಂತ್‌ನಿಂದ ಗಡೀಪಾರು ಮಾಡಿದರು, ಸಂಬಂಧ ಅಲ್ಲಿಗೇ ನಿಂತಿತು. ಆಮೇಲೆ ಬಂದವನು ಅಥೆನ್ಸ್‌ನ ರಾಜ ಈಜಿಯಸ್. ಮಕ್ಕಳಿಲ್ಲದ ಅವನಿಗೆ ಡೆಲ್ಫಿಯಲ್ಲಿ, ಊರು ಮುಟ್ಟುವ ತನಕ ದ್ರಾಕ್ಷಾರಸದ ಚರ್ಮದ ಚೀಲವನ್ನು ಬಿಚ್ಚಬೇಡ ಎಂಬ ಒಗಟಿನ ದೈವವಾಣಿಯಾಗಿತ್ತು. ಊರು ಸೇರುವ ಮುನ್ನ ಹೆಣ್ಣನ್ನು ಕೂಡಬೇಡ ಎಂಬುದು ಅದರ ಒಳಮಾತು. ಅವನಿಗೆ ಅರ್ಥವಾಗಲಿಲ್ಲ, ಪಿಟ್ಥಿಯಸ್‌ಗೆ ಆಯಿತು. ಅತಿಥಿಗೆ ಚೆನ್ನಾಗಿ ಕುಡಿಸಿ ಮಗಳನ್ನು ಅವನ ಹಾಸಿಗೆಗೆ ಕಳಿಸಿದ. ಮಗಳ ಮಾತು ಕೇಳಿದ್ದು ಎಲ್ಲೂ ಇಲ್ಲ.

ಪೌಸಾನಿಯಸ್ ಹೇಳುವುದು ಬೇರೆ. ಕನಸಿನಲ್ಲಿ ಬಂದ ಅಥೀನಾಳ ಮಾತು ನಂಬಿ ಐಥ್ರಾ, ಪೆಲಾಪ್ಸ್‌ನ ಸಾರಥಿಯ ಸಮಾಧಿಗೆ ತರ್ಪಣ ಬಿಡಲು ಹತ್ತಿರದ ದ್ವೀಪಕ್ಕೆ ಹೋದಳು. ಅಲ್ಲಿ ಸಮುದ್ರದೇವ ಪೊಸೈಡನ್ ಅವಳನ್ನು ಕೂಡಿದ. ಆಮೇಲೆ ಅವಳು ಅದೇ ಅಥೀನಾಗೆ ಅಲ್ಲಿ ಗುಡಿ ಕಟ್ಟಿಸಿದಳು. ಮದುವೆಗೆ ಮುಂಚೆ ಟ್ರೊಯ್ಜೆನ್‌ನ ಹುಡುಗಿಯರು ಆ ಗುಡಿಗೆ ತಮ್ಮ ಸೊಂಟಪಟ್ಟಿ ಒಪ್ಪಿಸುವ ಪದ್ಧತಿ ಬಂತು. ಹೀಗೆ ಥೀಸಿಯಸ್‌ಗೆ ತಂದೆ ಇಬ್ಬರು. ಪೊಸೈಡನ್‌ನ ಮಾತನ್ನು ಹಬ್ಬಿಸಿದ್ದು ಪಿಟ್ಥಿಯಸ್ಸೇ ಎಂದು ಪ್ಲುಟಾರ್ಕ್ ಬರೆಯುತ್ತಾನೆ. ನನಗೂ ಅದೇ ಸರಿ ಎನಿಸುತ್ತದೆ, ಮುದುಕನ ಬುದ್ಧಿ ಅಂಥದ್ದು. ಮಗ ದೊಡ್ಡವನಾದಾಗ ಎತ್ತಿಕೊಂಡು ತನ್ನ ಬಳಿ ಬರಲಿ ಎಂದು ಈಜಿಯಸ್ ಬಂಡೆಯಡಿ ಕತ್ತಿ, ಪಾದರಕ್ಷೆ ಬಚ್ಚಿಟ್ಟ ಕತೆ ನಿಮಗೆ ಗೊತ್ತಿರುವುದೇ.

ಐಥ್ರಾ ಬಾಯಿಬಿಟ್ಟು ಮಾತಾಡುವುದನ್ನು ನೋಡಬೇಕಾದರೆ ಕ್ರಿ.ಪೂ. 420ರ ದಶಕದ, ಯೂರಿಪಿಡೀಸ್‌ನ ‘ಶರಣಾರ್ಥಿನಿಯರು’ ನಾಟಕ ಓದಬೇಕು. ಜಾಗ ಎಲ್ಯೂಸಿಸ್‌ನ ಡಿಮೀಟರ್ ಗುಡಿ. ಥೀಬ್ಸ್‌ನ ಯುದ್ಧದಲ್ಲಿ ಸತ್ತ ತಮ್ಮ ಮಕ್ಕಳ ಹೆಣಗಳನ್ನು ಕೊಡಿಸಿ ಎಂದು ಆರ್ಗಾಸ್‌ನ ತಾಯಂದಿರು ಅವಳನ್ನು ಸುತ್ತುವರಿದಿದ್ದಾರೆ. ಥೀಸಿಯಸ್ ಅವರ ರಾಜ ಅಡ್ರಾಸ್ಟಸ್‌ಗೆ ಬುದ್ಧಿ ಹೇಳಿ, ಆಗದು ಎಂದುಬಿಡುತ್ತಾನೆ. ತಾಯಿ ಮುಸುಕಿನಲ್ಲಿ ಅಳುತ್ತಿರುವುದು ಆಗ ಅವನ ಕಣ್ಣಿಗೆ ಬೀಳುತ್ತದೆ. ಅವಳು ಹಿಂಜರಿಯುತ್ತಲೇ ಶುರುಮಾಡಿ ನೇರವಾಗಿ ಚುಚ್ಚುತ್ತಾಳೆ: ಕಾಡುಹಂದಿಯ ಮೇಲೆ ಪರಾಕ್ರಮ ತೋರಿಸಿದವನು ಈಟಿ ಹಿಡಿದ ಗಂಡಸರೆದುರು ಹಿಂದೆ ಸರಿದ ಎಂದು ಜನ ಆಡಿಕೊಳ್ಳುವುದಿಲ್ಲವೇ? ಸತ್ತವರನ್ನು ಮಣ್ಣುಮಾಡುವುದು ಗ್ರೀಕರೆಲ್ಲರ ಧರ್ಮವಲ್ಲವೇ? ಮಗ ಮನಸ್ಸು ಬದಲಿಸುತ್ತಾನೆ. ಅಪ್ಪನ ಮನೆಯಲ್ಲಿ ಅವಳಿಗಿಲ್ಲದ ದನಿ ಇಲ್ಲಿದೆ.

ಅದೇ ಮಗ ಅವಳನ್ನು ಹಾಳುಮಾಡಿದ. ಐವತ್ತರ ವಯಸ್ಸಿನಲ್ಲಿ (ಪ್ಲುಟಾರ್ಕ್ ಕೊಡುವ ಲೆಕ್ಕ) ಮದುವೆಯ ವಯಸ್ಸಿಗೂ ಬಾರದ ಸ್ಪಾರ್ಟಾದ ರಾಜಕುಮಾರಿ ಹೆಲೆನ್‌ಳನ್ನು ಹೊತ್ತು ತಂದು, ಆಫಿಡ್ನಾ ಎಂಬಲ್ಲಿ ತಾಯಿಯ ಕಾವಲಿಗೆ ಬಿಟ್ಟು, ಗೆಳೆಯನ ಜತೆ ಪಾತಾಳಕ್ಕೆ ಹೋದ. ಹೆಲೆನ್‌ಳ ಅಣ್ಣಂದಿರಾದ ಕ್ಯಾಸ್ಟರ್, ಪಾಲಕ್ಸ್ ದಂಡೆತ್ತಿ ಬಂದು ತಂಗಿಯ ಜತೆ ಐಥ್ರಾಳನ್ನೂ ಸ್ಪಾರ್ಟಾಕ್ಕೆ ಎಳೆದೊಯ್ದರು. ಒಲಿಂಪಿಯಾದ ಗುಡಿಯಲ್ಲಿ ಹರಕೆಯಾಗಿ ಇಟ್ಟಿದ್ದ, ಕೊರಿಂತ್‌ನ ಅರಸ ಕಿಪ್ಸೆಲಸ್‌ನ ಪೆಟ್ಟಿಗೆಯ ಮೇಲೆ ಈ ದೃಶ್ಯ ಕೆತ್ತಿತ್ತು: ಕಪ್ಪು ಬಟ್ಟೆಯ ಐಥ್ರಾ ಹೆಲೆನ್‌ಳ ಕಾಲಡಿಯಲ್ಲಿ ಬಿದ್ದಿದ್ದಾಳೆ.

ಈಗ ವಂಶಾವಳಿ ತೆಗೆಯಿರಿ. ಹೆಲೆನ್‌ಳನ್ನು ಮದುವೆಯಾದವನು ಮೆನೆಲಾಸ್. ಪೆಲಾಪ್ಸ್‌ನ ಮೊಮ್ಮಗಳು ತನ್ನ ಚಿಕ್ಕಪ್ಪ-ದೊಡ್ಡಪ್ಪನ ಮಗನ ಮನೆಯಲ್ಲೇ ತೊತ್ತಾದಳು! ಮುಂದೆ ಟ್ರಾಯ್‌ನ ರಾಜಕುಮಾರ ಪ್ಯಾರಿಸ್ ಹೆಲೆನ್‌ಳನ್ನು ಕರೆದೊಯ್ದಾಗ ಅವಳ ಜತೆ ಐಥ್ರಾಳೂ ಟ್ರಾಯ್‌ಗೆ. ‘ಇಲಿಯಡ್’ನ 3ನೇ ಸರ್ಗದ 144ನೇ ಸಾಲಿನಲ್ಲಿ, ಹೆಲೆನ್ ಕೋಟೆಯತ್ತ ಹೊರಟಾಗ ಹಿಂದೆ ಬರುವ ಇಬ್ಬರು ದಾಸಿಯರಲ್ಲಿ ಒಬ್ಬಳು ‘ಪಿಟ್ಥಿಯಸ್‌ನ ಮಗಳು ಐಥ್ರಾ’. ಹೋಮರ್‌ನಲ್ಲಿ ಅವಳಿಗಿರುವುದು ಇಷ್ಟೇ. ವಯಸ್ಸಿನ ಲೆಕ್ಕ ಹಾಕಿದರೆ ಅಷ್ಟು ಹೊತ್ತಿಗೆ ಹಣ್ಣು ಮುದುಕಿ. ಈ ಸಾಲು ಹೋಮರ್‌ನದಲ್ಲ ಎನ್ನುವವರು ಪ್ಲುಟಾರ್ಕ್‌ನ ಕಾಲಕ್ಕೇ ಇದ್ದರು.

ಟ್ರಾಯ್ ಬಿದ್ದ ಮೇಲೆ ಥೀಸಿಯಸ್‌ನ ಮಕ್ಕಳಾದ ಡೆಮೊಫಾನ್, ಅಕಮಾಸ್ ಅಜ್ಜಿಯನ್ನು ಗುರುತಿಸಿದರು. ಬಿಡಿಸಿಕೊಡಿ ಎಂದು ಡೆಮೊಫಾನ್ ಕೇಳಿದಾಗ ಗ್ರೀಕರ ಸೇನಾಪತಿ ಅಗಮೆಮ್ನಾನ್, ಹೆಲೆನ್ ಒಪ್ಪಬೇಕು ಎಂದು ಅವಳ ಬಳಿ ದೂತನನ್ನು ಕಳಿಸಿದ. ಸೇನಾಪತಿಯೂ ಐಥ್ರಾಳ ರಕ್ತಸಂಬಂಧಿಯೇ. ಆದರೂ ಅಪ್ಪಣೆ ಕೊಡಬೇಕಾದವಳು ಐಥ್ರಾ ಒಂದು ಕಾಲಕ್ಕೆ ಕಾವಲು ಕಾದಿದ್ದ ಹುಡುಗಿ. ಹೆಲೆನ್ ಒಪ್ಪಿದಳು. ಡೆಲ್ಫಿಯಲ್ಲಿ ಪಾಲಿಗ್ನೋಟಸ್ ಬಿಡಿಸಿದ್ದ ಭಿತ್ತಿಚಿತ್ರದಲ್ಲಿ ಐಥ್ರಾಳ ತಲೆ ಬೋಳಿಸಿತ್ತು, ಪಕ್ಕದಲ್ಲಿ ಡೆಮೊಫಾನ್ ಚಿಂತಿಸುತ್ತ ನಿಂತಿದ್ದ ಎಂದು ಪೌಸಾನಿಯಸ್ ಕಂಡದ್ದನ್ನು ಬರೆದಿಟ್ಟಿದ್ದಾನೆ.

ಅವಳು ಮಕ್ಕಳ ಸಾವಿನ ದುಃಖಕ್ಕೆ ತಾನೇ ಪ್ರಾಣ ಕಳೆದುಕೊಂಡಳು ಎಂದು ರೋಮನ್ ಲೇಖಕ ಹೈಜೈನಸ್‌ನ ಪಟ್ಟಿಯಲ್ಲಿದೆ. ಪರೀಕ್ಷೆಯಲ್ಲಿ ಅವಳ ಅಂತ್ಯ ಕೇಳಿದರೆ ಬಿಡುಗಡೆಯ ಕತೆಯನ್ನೇ ಮೊದಲು ಬರೆಯಿರಿ, ಇದನ್ನು ಪಾಠಾಂತರವೆಂದು ಕೆಳಗೆ ಸೇರಿಸಿ.